ಹಂದಿ ಕೆಲ್ಸ, ಆಮೇಲೆ ಜ್ವರ ತಲೆನೋವು, ಕಿವಿನೂ ಮಂದ: ಏನೇನ್ ಚೆಕ್ ಮಾಡ್ಬೇಕು, ಯಾವಾಗ ಆಸ್ಪತ್ರೆಗೆ ಓಡ್ಬೇಕು

ಹಂದಿ ಸಾಕೋರು, ಕಡಿಯೋರು, ಮಾಂಸ ತುಂಡು ಮಾಡಿ ಪ್ಯಾಕ್ ಮಾಡೋರು, ಹಂದಿಗೆ ಇಂಜೆಕ್ಷನ್ ಹಾಕೋ ಪಶುವೈದ್ಯರು, ಹಸಿ ಮಾಂಸ ತಂದು ಮನೇಲಿ ಅಡುಗೆ ಮಾಡೋರು, ಇವ್ರಿಗೆಲ್ಲ ಬರಬಹುದಾದ ಒಂದು ಕಾಯಿಲೆ ಬಗ್ಗೆ ಬರೀತಿದೀನಿ. ಸ್ಟ್ರೆಪ್ಟೋಕಾಕಸ್ ಸುಯಿಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದು ಹಂದಿಯ ಟಾನ್ಸಿಲ್ಲಲ್ಲಿ, ಮೂಗಲ್ಲಿ ಹೆಚ್ಚಿನ ಸಲ ಯಾವ ತೊಂದ್ರೆನೂ ಕೊಡದೆ ಇದ್ದುಬಿಡತ್ತೆ, ಹಂದಿ ಗಟ್ಟಿಮುಟ್ಟಾಗಿ ಓಡಾಡ್ಕೊಂಡೇ ಇರತ್ತೆ. ಅದೇ ಬ್ಯಾಕ್ಟೀರಿಯಾ ನಮ್ಮ ಕೈಯಲ್ಲಿರೋ ಒಂದು ಸಣ್ಣ ಗಾಯದಿಂದನೋ, ಸರಿಯಾಗಿ ಬೇಯದ ಮಾಂಸ ಅಥ್ವಾ ಹಸಿ ರಕ್ತ ತಿಂದಿದ್ರಿಂದನೋ ಒಳಗೆ ಹೋದ್ರೆ ರಕ್ತಕ್ಕೆ ಸೇರಿ ಮೆದುಳನ್ನ ಸುತ್ತಿರೋ ಪೊರೆಗೆ ಸೋಂಕು ಮಾಡತ್ತೆ, ಅದೇ ಮೆನಿಂಜೈಟಿಸ್. ಮನುಷ್ಯರಲ್ಲಿ ಇದನ್ನ ಮೊದ್ಲು ವರದಿ ಮಾಡಿದ್ದು ಡೆನ್ಮಾರ್ಕಲ್ಲಿ, 1968ರಲ್ಲಿ. ಅಪರೂಪದ ಕಾಯಿಲೆನೇ, ಹಂದಿ ಮುಟ್ಟಿದೋರಿಗೆಲ್ಲ ಬರಲ್ಲ, ಆದ್ರೆ ಬಂದಾಗ ಲೇಟ್ ಮಾಡಿದ್ರೆ ಜೀವನೂ ಹೋಗಬಹುದು, ಜೀವ ಉಳಿದ್ರೂ ಕಿವಿ ಹೋಗೋದು ಇದ್ರಲ್ಲಿ ಬೇರೆ ಎಷ್ಟೋ ಮೆನಿಂಜೈಟಿಸ್ಸಿಗಿಂತ ಜಾಸ್ತಿ.

ಒಂದು ವಿಷ್ಯ ಮೊದ್ಲೇ ಹೇಳಿಬಿಡ್ತೀನಿ. ಕೆಳಗೆ ಕೊಟ್ಟಿರೋ ಮನೆ ಚೆಕ್‌ಗಳು "ಹೌದು, ಅನುಮಾನ ಇದೆ" ಅಂತ ಹೇಳೋಕೆ ಮಾತ್ರ, "ಇಲ್ಲ, ಏನೂ ಇಲ್ಲ" ಅಂತ ಹೇಳೋಕೆ ಅಲ್ಲ. ಮನೇಲಿ ಕೂತು ಈ ಕಾಯಿಲೆ ಇಲ್ಲ ಅಂತ ಯಾರೂ ಸರ್ಟಿಫಿಕೇಟ್ ಕೊಡೋಕಾಗಲ್ಲ, ಡಾಕ್ಟ್ರಿಗೂ ಬೆನ್ನಿನ ನೀರು (ಮೆದುಳು, ಬೆನ್ನುಹುರಿ ಸುತ್ತ ಇರೋ ದ್ರವ) ತೆಗೆದು ನೋಡದೆ ಗ್ಯಾರಂಟಿ ಹೇಳೋಕಾಗಲ್ಲ.

ಇವು ಕಂಡ್ರೆ ಮುಂದೆ ಓದ್ಬೇಡಿ, ಈಗ್ಲೇ ಹೊರಡಿ

ಜ್ವರದ ಜೊತೆ ಮಾತು ಅಸಂಬದ್ಧ ಆಗ್ತಿದೆ, ಎಬ್ಬಿಸಿದ್ರೆ ಸರಿಯಾಗಿ ಏಳ್ತಿಲ್ಲ, ಫಿಟ್ಸ್ ಬಂತು, ಕತ್ತು ಮುಂದಕ್ಕೆ ಬಗ್ತಿಲ್ಲ, ಮೈಮೇಲೆ ಕೆಂಪು ಅಥ್ವಾ ನೇರಳೆ ಚುಕ್ಕೆ ಹರಡ್ತಿದೆ, ಕೈಕಾಲು ತಣ್ಣಗಾಗಿ ಉಸಿರು ಜೋರಾಗಿದೆ, ಜ್ವರ ಬಂದ ಒಂದೆರಡು ದಿನದಲ್ಲೇ ಕಿವಿ ಕೇಳಿಸೋದು ಕಮ್ಮಿ ಆಗಿದೆ. ಇದ್ರಲ್ಲಿ ಒಂದೇ ಒಂದು ಇದ್ರೂ ಸಾಕು, ಬೆಳಗಾಗ್ಲಿ ಅಂತ ಕಾಯ್ಬೇಡಿ. ಆಂಬ್ಯುಲೆನ್ಸ್ ಕರೀರಿ, ಇಲ್ಲಾಂದ್ರೆ ಯಾರಾದ್ರೂ ಕರ್ಕೊಂಡು ಹೋಗ್ಲಿ, ರೋಗಿ ತಾನೇ ಗಾಡಿ ಓಡಿಸ್ಕೊಂಡು ಹೋಗೋದು ಬೇಡ. ಎಚ್ಚರ ತಪ್ಪಿದೋರಿಗೆ ಬಾಯಿಗೆ ನೀರು, ಮಾತ್ರೆ ಏನೂ ಹಾಕ್ಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗ್ಸಿ. ಫಿಟ್ಸ್ ಬರ್ತಿದ್ರೆ ಕೈಕಾಲು ಅದುಮಿ ಹಿಡಿಯೋದು, ಬಾಯಲ್ಲಿ ಚಮಚ ಇಡೋದು ಇವೆಲ್ಲ ಮಾಡ್ಬೇಡಿ.

"ಜ್ವರ, ಚಳಿ, ಮೈಕೈ ನೋವು, ಅಷ್ಟೇ"

ಶುರು ಆಗೋದು ಹೀಗೇನೇ, ಫ್ಲೂ ಥರಾನೇ. ಇಲ್ಲಿ ಮೊದಲನೇ ಚೆಕ್ಕಿಗೆ ಒಂದು ಪೈಸೆ ಖರ್ಚಿಲ್ಲ, ನೆನಪು ಮಾಡ್ಕೊಳ್ಳೋದು ಅಷ್ಟೇ. ಹಿಂದಿನ ಎರಡು ವಾರದಲ್ಲಿ ಹಂದಿ ಕಡಿದ್ರಾ, ಸತ್ತ ಹಂದಿ ಎತ್ತಿ ಹಾಕಿದ್ರಾ, ಮರಿಗೆ ಹಲ್ಲು ಕತ್ತರಿಸಿದ್ರಾ, ಹಸಿ ತಲೆ, ಕರುಳು, ಗಂಟಲು ಭಾಗ ಕ್ಲೀನ್ ಮಾಡಿದ್ರಾ, ಅರೆಬೆಂದ ಮಾಂಸ ಅಥ್ವಾ ಹಸಿ ರಕ್ತ ಹಾಕಿದ ಅಡುಗೆ ತಿಂದ್ರಾ? ಎರಡು ವಾರ ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಬ್ಯಾಕ್ಟೀರಿಯಾ ಒಳಗೆ ಹೋದ್ಮೇಲೆ ಕಾಯಿಲೆ ಕಾಣಿಸ್ಕೊಳ್ಳೋಕೆ ಕೆಲವು ಗಂಟೆಯಿಂದ ಹಿಡಿದು ಸುಮಾರು 14 ದಿನದವರೆಗೂ ಆಗಬಹುದು, ಹೆಚ್ಚಿನೋರಿಗೆ ಎರಡು ಮೂರು ದಿನದಲ್ಲೇ ಬಂದುಬಿಡತ್ತೆ.

ಎರಡನೇ ಚೆಕ್ಕು ಕೈ. ಬೆಳಕಲ್ಲಿ ಎರಡೂ ಕೈ ಹಿಡಿದು ಬೆರಳು ಬೆರಳೂ ನೋಡಿ. ಉಗುರಿನ ಪಕ್ಕ ಕಿತ್ತುಬಂದ ಸಿಪ್ಪೆ, ಹೆಬ್ಬೆರಳಿನ ಬುಡದಲ್ಲಿ ಚಾಕು ತಾಗಿದ ಗೆರೆ, ಎಲುಬಿನ ಚೂರು ಚುಚ್ಚಿದ ಗುರುತು, ಬಿರುಕು ಬಿಟ್ಟ ಚರ್ಮ. ಈ ಕೆಲ್ಸದೋರ ಕೈಯಲ್ಲಿ ಇಂಥದ್ದು ಯಾವಾಗ್ಲೂ ಒಂದಾದ್ರೂ ಇರತ್ತೆ, ಅದಕ್ಕೇ ಅವ್ರು ಅದನ್ನ ಗಾಯ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಗಾಯ ಕೆಂಪಾಗಿ ಕೀವು ತುಂಬ್ಕೊಂಡಿರ್ಬೇಕು ಅಂತೇನಿಲ್ಲ, ಒಣಗಿ ಹೋಗಿದ್ರೂ ಆ ದಾರೀಲಿ ಆಗಬೇಕಾದ್ದು ಆಗಿಬಿಟ್ಟಿರತ್ತೆ. ಹಾಗೇ ಗಾಯ ಸಿಗಲಿಲ್ಲ ಅಂತ ಸುಮ್ನಾಗೋದೂ ಬೇಡ, ಎಷ್ಟೋ ಕೇಸಲ್ಲಿ ಗಾಯವೇ ಸಿಗಲ್ಲ.

ಮೂರನೇದು ಥರ್ಮಾಮೀಟರ್. 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ದಾಟಿದ್ರೆ ಜ್ವರ. ಪ್ಯಾರಾಸಿಟಮಾಲ್ ತಗೊಂಡು ಅರ್ಧ ಗಂಟೆಗೆ ನೋಡಿ "ಜ್ವರ ಇಲ್ಲ" ಅನ್ನೋದಕ್ಕೆ ಅರ್ಥ ಇಲ್ಲ, ಮಾತ್ರೆಗೆ ಮುಂಚೆ ಎಷ್ಟಿತ್ತು ಅಂತ ಟೈಮ್ ಸಮೇತ ಬರೆದಿಟ್ಕೊಳ್ಳಿ, ಆಸ್ಪತ್ರೇಲಿ ಕೆಲ್ಸಕ್ಕೆ ಬರತ್ತೆ.

ಹಂದಿ ಸಂಪರ್ಕ ಇದೆ, ಜ್ವರ ಇದೆ, ಬೇರೆ ಏನೂ ಇಲ್ಲ, ಚೆನ್ನಾಗಿ ಮಾತಾಡ್ತಿದೀರ ಅಂದ್ರೆ ಅದೇ ದಿನ ಹತ್ರದ ಡಾಕ್ಟ್ರ ಹತ್ರ ಹೋಗಿ ಹಂದಿ ವಿಷ್ಯ ಬಾಯಿಬಿಟ್ಟು ಹೇಳಿ. ಮಧುಮೇಹ ಇರೋರು, ದಿನಾ ಕುಡಿಯೋರು, ಆಪರೇಷನ್ ಮಾಡಿ ಗುಲ್ಮ (ಸ್ಪ್ಲೀನ್) ತೆಗೆಸ್ಕೊಂಡಿರೋರು, ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ ತಗೊಳ್ತಿರೋರು ಮಾತ್ರ ಬರೀ ಜ್ವರಕ್ಕೇ ಆಸ್ಪತ್ರೆಗೆ ಹೋಗ್ಬೇಕು, ಎರಡನೇ ಲಕ್ಷಣ ಬರ್ಲಿ ಅಂತ ಕಾಯೋದು ಬೇಡ. ಅದ್ರಲ್ಲೂ ಗುಲ್ಮ ಇಲ್ದೋರಿಗೆ ಈ ಜಾತಿ ಬ್ಯಾಕ್ಟೀರಿಯಾ ರಕ್ತದಲ್ಲಿ ಬೆಳೆಯೋ ಸ್ಪೀಡೇ ಬೇರೆ, ಗಂಟೆಗಳ ಲೆಕ್ಕದಲ್ಲಿ ಪರಿಸ್ಥಿತಿ ಕೈಮೀರತ್ತೆ.

"ತಲೆನೋವು ಬಿಡ್ತಾನೇ ಇಲ್ಲ, ವಾಂತಿ, ಕತ್ತು ಹಿಡ್ಕೊಂಡಿದೆ"

ಜ್ವರ ಬಂದಾಗ ತಲೆನೋವು ಎಲ್ರಿಗೂ ಬರತ್ತೆ. ಇದು ಬೇರೆ ಥರ: ಇಡೀ ತಲೆ ಸಿಡಿಯತ್ತೆ, ಮಾತ್ರೆ ತಗೊಂಡ್ರೂ ಜಗ್ಗಲ್ಲ, ಕೆಮ್ಮಿದ್ರೆ ಜಾಸ್ತಿ ಆಗತ್ತೆ, ಬೆಳಕು ನೋಡೋಕಾಗಲ್ಲ, ಕಿಟಕಿ ಪರದೆ ಎಳೆದು ಕತ್ಲೇಲಿ ಮಲ್ಕೋಬೇಕು ಅನ್ಸತ್ತೆ.

ಮಲ್ಕೊಂಡು ಗದ್ದ ಎದೆಗೆ ತಾಗಿಸೋಕೆ ನೋಡಿ, ಅಥ್ವಾ ಇನ್ನೊಬ್ರು ತಲೆ ಕೆಳಗೆ ಕೈ ಕೊಟ್ಟು ನಿಧಾನಕ್ಕೆ ಎತ್ತಲಿ. ಉಳುಕಿದ ಕತ್ತಾದ್ರೆ ಪಕ್ಕಕ್ಕೆ ತಿರುಗಿಸಿದಾಗ್ಲೂ ನೋವಾಗತ್ತೆ. ಮೆನಿಂಜೈಟಿಸ್ಸಲ್ಲಿ ಆ ಕಡೆ ಈ ಕಡೆ ಅಷ್ಟೋ ಇಷ್ಟೋ ತಿರುಗತ್ತೆ, ಆದ್ರೆ ಮುಂದಕ್ಕೆ ಬಗ್ಗಲ್ಲ, ಒತ್ತಾಯ ಮಾಡಿದ್ರೆ ಬೆನ್ನುಹುರಿ ಉದ್ದಕ್ಕೂ ಎಳೆದಂಗೆ ಆಗತ್ತೆ. ಹಾಗಂತ ಜೋರಾಗಿ ಬಗ್ಸೋಕೆ ಹೋಗ್ಬೇಡಿ. ಬಿದ್ದೋ ಏಟು ತಿಂದೋ ಕತ್ತು ನೋವು ಶುರು ಆಗಿದ್ರೆ ಈ ಚೆಕ್ ಮಾಡ್ಲೇಬೇಡಿ.

ಕತ್ತು ಆರಾಮಾಗಿ ಬಗ್ಗಿತು ಅಂದ್ರೆ? ಏನೂ ಸಾಬೀತಾಗಲ್ಲ. ಶುರುವಲ್ಲಿ ಕತ್ತು ಮೆತ್ತಗೇ ಇರಬಹುದು, ವಯಸ್ಸಾದೋರಲ್ಲಿ ಕೊನೇವರೆಗೂ ಗೊತ್ತಾಗದೆ ಇರಬಹುದು. "ಕತ್ತು ಬಗ್ತು, ಹಂಗಾದ್ರೆ ಮೆದುಳಿಗೇನಿಲ್ಲ" ಅಂತ ಮಲ್ಕೊಳ್ಳೋದು ಡೇಂಜರ್.

ಬುದ್ಧಿ ಸರಿಯಾಗಿದೆಯಾ ಅಂತಾನೂ ನೋಡಿ. ಇವತ್ತು ಯಾವ ವಾರ, ನಾವೆಲ್ಲಿದೀವಿ, 20ರಿಂದ ಹಿಂದಕ್ಕೆ ಎಣಿಸಿ, ಇಷ್ಟು ಕೇಳಿದ್ರೆ ಸಾಕು. ಕುಡಿಯೋ ಅಭ್ಯಾಸ ಇರೋರ ವಿಷ್ಯದಲ್ಲಿ ಇದು ಬಹಳ ಮುಖ್ಯ, ಯಾಕಂದ್ರೆ ತೊದಲು ಮಾತು, ತೂರಾಡೋ ನಡಿಗೆ ನೋಡಿ ಮನೆಯವ್ರು, ಪಕ್ಕದವ್ರು, ಒಮ್ಮೊಮ್ಮೆ ಆಸ್ಪತ್ರೆ ಬಾಗ್ಲಲ್ಲಿರೋರೂ "ಕುಡ್ಕೊಂಡಿದಾನೆ ಬಿಡಿ" ಅಂತಾರೆ. ಕುಡಿಯೋರಿಗೆ ಈ ಸೋಂಕಿನ ಅಪಾಯ ಹೆಚ್ಚು ಅನ್ನೋದನ್ನ ಇಲ್ಲಿ ಮರೀಬಾರ್ದು. ಜ್ವರ ಇರೋ ಕುಡುಕ ತೂರಾಡ್ತಿದ್ರೆ ಮೊದ್ಲು ಜ್ವರದ ಕಾರಣ ಹುಡುಕಬೇಕು.

ಜ್ವರ, ವಿಪರೀತ ತಲೆನೋವು, ಹಂದಿ ಸಂಪರ್ಕ ಮೂರೂ ಇದ್ರೆ ಮನೆ ಚೆಕ್ ಇಲ್ಲಿಗೇ ಮುಗೀತು. ನೇರ ಆಸ್ಪತ್ರೆಗೆ.

"ಕಿವಿ ಕೇಳಿಸ್ತಿಲ್ಲ, ಒಳಗೆ ಗುಂಯ್ ಅಂತಿದೆ, ನಡೆದ್ರೆ ವಾಲ್ತಿದೆ"

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಕೊಳ್ತೀರ ಅಂದ್ರೆ ಇದನ್ನೇ ಇಟ್ಕೊಳ್ಳಿ. ಮೆನಿಂಜೈಟಿಸ್ ತರೋ ಬೇರೆ ಬ್ಯಾಕ್ಟೀರಿಯಾಗಳೂ ಕಿವಿ ಕೆಡಿಸ್ತವೆ, ಆದ್ರೆ ಇದು ಅವಕ್ಕಿಂತ ಬೇಗನೂ ಕೆಡಿಸತ್ತೆ, ಹೆಚ್ಚು ಜನರಿಗೂ ಕೆಡಿಸತ್ತೆ. ಬೇರೆ ಬೇರೆ ದೇಶದ ಕೇಸುಗಳನ್ನ ಒಟ್ಟು ಹಾಕಿ ನೋಡಿದಾಗ 10 ಜನರಲ್ಲಿ ಸುಮಾರು 4 ಜನಕ್ಕೆ ಕಿವಿ ತೊಂದ್ರೆ ಆಗಿರೋದು ಕಂಡಿದೆ, ಕೆಲವು ಆಸ್ಪತ್ರೆಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಕೆಲವರು ಆಸ್ಪತ್ರೆಗೆ ಬಂದಿರೋದೇ "ಕಿವಿ ಕೇಳಿಸ್ತಿಲ್ಲ" ಅಂತ.

ಕಾರಣ ಏನಪ್ಪಾ ಅಂದ್ರೆ ಮೆದುಳಿನ ಸುತ್ತ ಇರೋ ನೀರಿಗೂ ಒಳಕಿವಿಯ ಶಂಖದ ಆಕಾರದ ಭಾಗಕ್ಕೂ (ಅದಕ್ಕೆ ಕಾಕ್ಲಿಯಾ ಅಂತಾರೆ) ಮಧ್ಯೆ ಬಹಳ ಸಣ್ಣ ಒಂದು ದಾರಿ ಇದೆ. ಸೋಂಕು ಆ ದಾರಿ ಹಿಡಿದು ಒಳಕಿವಿಗೆ ಇಳಿಯತ್ತೆ, ಅಲ್ಲಿರೋ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಸಾಯ್ತವೆ, ಅವು ಮತ್ತೆ ಹುಟ್ಟಲ್ಲ. ಬ್ಯಾಲೆನ್ಸ್ ನೋಡ್ಕೊಳ್ಳೋ ಅಂಗನೂ ಅದೇ ಗೂಡಲ್ಲಿರೋದ್ರಿಂದ ತಲೆ ಸುತ್ತು, ತೂರಾಟ ಜೊತೇಲೇ ಬರತ್ತೆ.

ಕಿವಿ ಮಂದ ಆಗಿದ್ದು ರೋಗಿಗೇ ಮೊದ್ಲು ಗೊತ್ತಾಗಲ್ಲ, ಜ್ವರದ ಮಂಪರಲ್ಲಿ ಇರ್ತಾರೆ. ಪಕ್ಕದಲ್ಲಿರೋರು ಗಮನಿಸ್ಬೇಕು. ಫೋನ್ ಬಂದ್ರೆ ಬಲಗಿವಿಗೆ ಇಟ್ಕೊಂಡು, ವಾಲ್ಯೂಮ್ ಜಾಸ್ತಿ ಮಾಡಿ, ಎಡಗಿವಿಗೆ ಬದಲಾಯಿಸಿ, ಆಮೇಲೆ "ಈ ಫೋನ್ ಸ್ಪೀಕರ್ ಹಾಳಾಗಿದೆ" ಅಂತ ಬೈತಾ ಸ್ಪೀಕರ್ ಆನ್ ಮಾಡ್ತಾರೆ. ಟಿವಿ ಸೌಂಡ್ ಏರಿಸ್ತಾರೆ. ಹಿಂದಿನಿಂದ ಕರೆದ್ರೆ ತಿರುಗಲ್ಲ, ಎದುರಿಗೆ ಬಂದ್ರೆ ತುಟಿ ನೋಡಿ ಉತ್ತರ ಕೊಡ್ತಾರೆ. ತೀಕ್ಷ್ಣವಾದ ಸದ್ದುಗಳು ಮೊದ್ಲು ಹೋಗೋದು ಜಾಸ್ತಿ, ಅದಕ್ಕೆ ಮಾತು ಕೇಳತ್ತೆ ಆದ್ರೆ ಅರ್ಥ ಆಗಲ್ಲ ಅಂತಾರೆ.

ಚೆಕ್ ಹೀಗೆ ಮಾಡಿ: ರೋಗಿ ಕಣ್ಣು ಮುಚ್ಚಲಿ, ನೀವು ಒಂದು ಕಿವಿ ಹತ್ರ ಹೆಬ್ಬೆರಳು ತೋರುಬೆರಳು ಉಜ್ಜಿ ಸದ್ದು ಮಾಡಿ, ಆಮೇಲೆ ಇನ್ನೊಂದು ಕಿವಿಗೆ. ನಿಮಗೆ ಕೇಳಿಸೋ ಸದ್ದು ಅವ್ರಿಗೆ ಕೇಳಿಸ್ತಿಲ್ಲ ಅಂದ್ರೆ ಗಮನ ಕೊಡ್ಬೇಕಾದ ವಿಷ್ಯ. ಆಮೇಲೆ ಪಾದ ಜೋಡಿಸಿ ನಿಲ್ಲಿಸಿ, ನೀವು ಪಕ್ಕದಲ್ಲೇ ಎರಡೂ ಕೈ ಚಾಚಿ ನಿಂತಿರಿ, ಬಿದ್ದೇಬೀಳ್ತಾರೆ ಅಂದ್ಕೊಂಡೇ ನಿಂತಿರಿ. ಕಣ್ಣು ಮುಚ್ಚಿದ ಕೂಡ್ಲೇ ವಾಲಿದ್ರೆ ಸಾಕು, ಮತ್ತೆ ಮತ್ತೆ ಮಾಡಿಸ್ಬೇಡಿ. ಸುಸ್ತಾಗಿ ಮಲಗಿರೋರಿಗೆ ಈ ನಿಲ್ಲಿಸೋ ಚೆಕ್ ಬೇಡವೇ ಬೇಡ.

ಇಲ್ಲಿ ಆಗೋ ಎಡವಟ್ಟು ಅಂದ್ರೆ ಕಿವಿ ತೊಂದ್ರೆ ಅಂತ ಕಿವಿಗೆ ಡ್ರಾಪ್ಸ್ ಹಾಕೋದು, ಎಣ್ಣೆ ಬಿಡೋದು, ಗುಗ್ಗೆ ತೆಗೆಸೋಕೆ ಹೋಗೋದು. ತೊಂದ್ರೆ ಇರೋದು ಮೂಳೆ ಒಳಗಡೆ, ಹೊರಗಿನಿಂದ ಹಾಕಿದ್ದು ಯಾವ್ದೂ ಅಲ್ಲಿಗೆ ತಲುಪಲ್ಲ, ಆ ಓಡಾಟದಲ್ಲಿ ಒಂದು ದಿನ ಹಾಳಾಗತ್ತೆ. ಕಿವಿ ನೋವು ಇಲ್ಲ, ಸೋರ್ತಿಲ್ಲ, ಜ್ವರ ಇದೆ, ದಿಢೀರ್ ಅಂತ ಎರಡೂ ಕಿವಿ ಮಂದ ಆಗಿದೆ, ಹಂದಿ ಕೆಲ್ಸ ಇದೆ ಅಂದ್ರೆ ಅದು ಕಿವಿ ಡಾಕ್ಟ್ರ ಅಪಾಯಿಂಟ್‌ಮೆಂಟಿಗೆ ಕಾಯೋ ಕೇಸಲ್ಲ, ಎಮರ್ಜೆನ್ಸಿ ಕೇಸು.

"ಮೈಮೇಲೆ ಚುಕ್ಕೆ ಎದ್ದಿದೆ"

ಪಾರದರ್ಶಕ ಗಾಜಿನ ಲೋಟ ತಗೊಂಡು ಚುಕ್ಕೆ ಮೇಲೆ ಒತ್ತಿ ಹಿಡೀರಿ. ಒತ್ತಿದಾಗ ಬಣ್ಣ ಮಾಯ ಆದ್ರೆ ಸಾಮಾನ್ಯ ಗಂಧೆ ಥರದ್ದು ಇರಬಹುದು, ಒತ್ತಿದ್ರೂ ಹಾಗೇ ಕಂಡ್ರೆ ಚರ್ಮದೊಳಗೆ ರಕ್ತ ಇಳಿದಿದೆ ಅಂತ ಅರ್ಥ. ಕಪ್ಪು ಚರ್ಮದೋರಲ್ಲಿ ಅಂಗೈ, ಅಂಗಾಲು, ಕಣ್ಣಿನ ರೆಪ್ಪೆ ಒಳಭಾಗ ನೋಡಿ. ಒತ್ತಿದ್ರೂ ಮಾಯ ಆಗದ ಚುಕ್ಕೆ ಅಂದ್ರೆ ಮೆನಿಂಜೈಟಿಸ್ಸಿಗಿಂತ ಮುಂದೆ ಹೋಗಿ ರಕ್ತಕ್ಕೇ ವಿಷ ಏರಿರೋ ಸೂಚನೆ, ಕಿಡ್ನಿ, ಲಿವರ್ ಎಲ್ಲ ಒಂದಾದ ಮೇಲೊಂದು ಕೈಕೊಡಬಹುದು. ಚೀನಾದ ಸಿಚುವಾನಲ್ಲಿ 2005ರಲ್ಲಿ 215 ಜನಕ್ಕೆ ಈ ಸೋಂಕು ಬಂದಾಗ 40ರ ಹತ್ರ ಜನ ತೀರ್ಕೊಂಡ್ರು, ಸತ್ತೋರಲ್ಲಿ ಹೆಚ್ಚಿನವ್ರು ಇಂಥ ಶಾಕ್ (ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದಾಗೋದು) ಆದೋರೇ, ಕಾಯಿಲೆ ಬಿದ್ದ ರೈತರು ರೋಗ ಬಂದ ಅಥ್ವಾ ಸತ್ತ ಹಂದಿನ ಕೊಯ್ದು ಮುಟ್ಟಿದೋರು. ಚುಕ್ಕೆಗೆ ಕ್ರೀಮ್ ಹಚ್ಚಿ ಕೂರೋ ಸಮಯ ಇದಲ್ಲ.

"ಮೊದ್ಲು ಭೇದಿ ಆಯ್ತು, ಆಮೇಲೆ ತಲೆನೋವು"

ಹೊಟ್ಟೆ ಮೂಲಕ ಬ್ಯಾಕ್ಟೀರಿಯಾ ಹೋದೋರಿಗೆ ಹೀಗಾಗೋದುಂಟು. ಊಟದಿಂದ ಹೊಟ್ಟೆ ಕೆಟ್ಟಿದೆ ಅಂದ್ಕೊಂಡಿರ್ತಾರೆ, ಭೇದಿ ನಿಂತ್ಮೇಲೆ ಜ್ವರ ಏರತ್ತೆ. ಹೊಟ್ಟೆ ಕೆಟ್ಟಾಗ ತಲೆನೋವು ನೀರು ಕಮ್ಮಿ ಆಗಿ ಬರತ್ತೆ, ನೀರು ಕುಡಿದ್ರೆ ಇಳಿಯತ್ತೆ. ಇಳೀದೆ ಏರ್ತಾ ಹೋದ್ರೆ ಮೇಲೆ ಹೇಳಿದ ತಲೆನೋವಿನ ಭಾಗಕ್ಕೆ ಹೋಗಿ.

"ಮನೇಲಿದ್ದ ಆಂಟಿಬಯೋಟಿಕ್ ತಗೊಂಡೆ, ಸ್ವಲ್ಪ ಪರವಾಗಿಲ್ಲ"

ಇದೇ ಕಷ್ಟದ ಕೇಸು. ಹಳೇ ಸ್ಟ್ರಿಪ್ಪಲ್ಲಿ ಉಳಿದ ನಾಲ್ಕು ಮಾತ್ರೆ ನುಂಗಿದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಸ್ವಲ್ಪ ಅಡಗತ್ತೆ, ಜ್ವರ ಇಳಿಯತ್ತೆ, ಆದ್ರೆ ಮೆದುಳಿನ ಪೊರೆ ತನಕ ಬೇಕಾದಷ್ಟು ಔಷಧಿ ಬಾಯಿ ಮಾತ್ರೆಯಿಂದ ತಲುಪಲ್ಲ, ಒಳಗೆ ಕಾಯಿಲೆ ನಡೀತಾನೇ ಇರತ್ತೆ. ಅದ್ರ ಮೇಲೆ ಆಸ್ಪತ್ರೇಲಿ ಕಲ್ಚರ್ (ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟ್) ಮಾಡಿದಾಗ ಏನೂ ಬೆಳೀದೆ ಇರಬಹುದು, "ಬ್ಯಾಕ್ಟೀರಿಯಾ ಇಲ್ಲ" ಅಂತ ರಿಪೋರ್ಟ್ ಬರಬಹುದು. ತಗೊಂಡಿದ್ರೆ ಮುಚ್ಚಿಡ್ಬೇಡಿ, ಯಾರೂ ಬೈಯ್ಯಲ್ಲ, ಬೈದ್ರೂ ಪರವಾಗಿಲ್ಲ, ಸ್ಟ್ರಿಪ್ಪೇ ತಗೊಂಡ್ಹೋಗಿ ತೋರಿಸಿ. ಗೊತ್ತಾದ್ರೆ ಕಲ್ಚರ್ ಒಂದನ್ನೇ ನೆಚ್ಕೊಳ್ಳದೆ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕೋ ಪಿಸಿಆರ್ ಟೆಸ್ಟ್ ಮಾಡಿಸ್ತಾರೆ, ಸತ್ತ ಬ್ಯಾಕ್ಟೀರಿಯಾದ್ದೂ ಅದ್ರಲ್ಲಿ ಸಿಗತ್ತೆ.

ಆಸ್ಪತ್ರೇಲಿ ಬಾಯಿಬಿಟ್ಟು ಹೇಳ್ಬೇಕಾದ್ದು

"ನಾನು ಹಂದಿ ಕೆಲ್ಸ ಮಾಡ್ತೀನಿ, ಮೊನ್ನೆ ಕೈ ಕುಯ್ದಿತ್ತು, ಜ್ವರ ಇಂಥಾ ದಿನ ಶುರು ಆಯ್ತು, ಕಿವಿ ನಿನ್ನೆಯಿಂದ ಮಂದ." ಇಷ್ಟೇ. ಡಾಕ್ಟ್ರು ಏನ್ ಕೆಲ್ಸ ಮಾಡ್ತೀರ ಅಂತ ಕೇಳ್ದೇ ಇರಬಹುದು, ಕೇಳಿದ್ರೂ "ಕೂಲಿ" ಅಂದು ಸುಮ್ನಾಗೋರೇ ಜಾಸ್ತಿ, ಹಂದಿ ಅಂತ ಹೇಳೋಕೆ ಸಂಕೋಚ. ಆ ಒಂದು ಮಾತು ಲ್ಯಾಬಿನ ತನಕ ಹೋಗ್ಬೇಕು, ಯಾಕೆ ಅಂತ ಮುಂದೆ ಹೇಳ್ತೀನಿ. ಪೆನ್ಸಿಲಿನ್ ಅಲರ್ಜಿ ಇದ್ರೆ, ಗುಲ್ಮ ತೆಗೆಸಿದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಅದನ್ನೂ ಮೊದ್ಲೇ ಹೇಳಿ.

ಸಾಮಾನ್ಯವಾಗಿ ಮೊದ್ಲು ರಕ್ತ ತಗೊಂಡು ಕಲ್ಚರಿಗೆ ಹಾಕ್ತಾರೆ. ಆಮೇಲೆ ಬೆನ್ನಿನಿಂದ ನೀರು ತೆಗೆಯೋದು. ಇದಕ್ಕೆ ಜನ ವಿಪರೀತ ಹೆದರ್ತಾರೆ, ಸೊಂಟದ ಕೆಳಗೆ ಸ್ವಾಧೀನ ಹೋಗತ್ತೆ ಅಂತ ಸಹಿ ಹಾಕೋಕೇ ಒಪ್ಪಲ್ಲ. ಸೂಜಿ ಹಾಕೋದು ಸೊಂಟದ ಮೂರು ನಾಲ್ಕನೇ ಅಥ್ವಾ ನಾಲ್ಕು ಐದನೇ ಮೂಳೆ ಮಧ್ಯೆ, ದೊಡ್ಡೋರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೇನೇ ಮುಗಿದಿರತ್ತೆ, ಅಲ್ಲಿ ಇರೋದು ನೀರಲ್ಲಿ ತೇಲೋ ನರದ ಎಳೆಗಳು. ಆಮೇಲೆ ಕೆಲವು ದಿನ ತಲೆನೋವು ಬರಬಹುದು, ಅದು ನಿಜ. ಆದ್ರೆ ಈ ಟೆಸ್ಟ್ ಇಲ್ದೆ ಹೋದ್ರೆ ಚಿಕಿತ್ಸೆ ಊಹೆ ಮೇಲೆ ನಡೆಯತ್ತೆ.

ಆರೋಗ್ಯವಂತರ ಬೆನ್ನಿನ ನೀರು ಕುಡಿಯೋ ನೀರಿನಷ್ಟೇ ತಿಳಿಯಾಗಿರತ್ತೆ. ಬ್ಯಾಕ್ಟೀರಿಯಾ ಮೆನಿಂಜೈಟಿಸ್ಸಲ್ಲಿ ಟ್ಯೂಬ್ ಹಿಂದೆ ಅಕ್ಷರ ಹಿಡಿದ್ರೆ ಮಸುಕಾಗಿ ಕಾಣೋಷ್ಟು ಕದಡಿರತ್ತೆ. ಒಂದು ಮೈಕ್ರೋಲೀಟರಲ್ಲಿ 5ರೊಳಗೆ ಇರ್ಬೇಕಾದ ಬಿಳಿ ರಕ್ತಕಣ ನೂರಾರು, ಸಾವಿರಾರು ಆಗಿರತ್ತೆ, ಅದ್ರಲ್ಲಿ ನ್ಯೂಟ್ರೋಫಿಲ್ ಅನ್ನೋ ಬಗೆಯವು ಜಾಸ್ತಿ, ಪ್ರೋಟೀನ್ ಏರಿರತ್ತೆ, ಸಕ್ಕರೆ ಇಳಿದಿರತ್ತೆ. ಸಕ್ಕರೆನ ರಕ್ತದ ಸಕ್ಕರೆ ಜೊತೆ ಹೋಲಿಸಿ ನೋಡ್ಬೇಕು, ರಕ್ತದಲ್ಲಿರೋದ್ರ ಶೇಕಡಾ 60ರ ಆಸುಪಾಸು ಇದ್ರೆ ಸರಿ, 40ಕ್ಕಿಂತ ಕೆಳಗೆ ಹೋದ್ರೆ ಅನುಮಾನ. ಮಧುಮೇಹ ಇರೋರಲ್ಲಿ ರಕ್ತದ ಸಕ್ಕರೆ ನೋಡದೆ ಇದನ್ನ ಮಾತ್ರ ನೋಡಿ "ನಾರ್ಮಲ್" ಅಂದ್ಬಿಡೋ ಅಪಾಯ ಇದೆ.

ಫಿಟ್ಸ್ ಬಂದಿದ್ರೆ, ಎಚ್ಚರ ಕಮ್ಮಿ ಇದ್ರೆ, ಒಂದು ಕಡೆ ಕೈಕಾಲು ಬಲ ಕಮ್ಮಿ ಇದ್ರೆ ಬೆನ್ನಿನ ನೀರಿಗೆ ಮುಂಚೆ ಸಿಟಿ ಸ್ಕ್ಯಾನ್ ಮಾಡ್ತಾರೆ. ಸ್ಕ್ಯಾನ್ ಕ್ಯೂ ಉದ್ದ ಇದ್ರೆ ಮನೆಯವ್ರು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ ಒಂದೇ: "ಆಂಟಿಬಯೋಟಿಕ್ ಶುರು ಮಾಡಿದೀರಾ?" ಸ್ಕ್ಯಾನಿಗೆ ಕಾಯ್ತಾ ಔಷಧಿ ತಡ ಮಾಡ್ಬಾರ್ದು, ಆಸ್ಪತ್ರೆಗೆ ಬಂದ ಒಂದು ಗಂಟೆ ಒಳಗೆ ಮೊದಲ ಡೋಸ್ ಹೋಗ್ಬೇಕು ಅನ್ನೋದೇ ಎಲ್ಲ ಕಡೆ ಒಪ್ಪಿರೋ ಗುರಿ.

"ರಿಪೋರ್ಟಲ್ಲಿ ಬೇರೆ ಯಾವ್ದೋ ಬ್ಯಾಕ್ಟೀರಿಯಾ ಹೆಸ್ರು ಬಂದಿದೆ"

ಹಂದಿ ವಿಷ್ಯ ಲ್ಯಾಬಿಗೆ ಗೊತ್ತಿರ್ಬೇಕು ಅಂದಿದ್ದು ಇದಕ್ಕೆ. ಲ್ಯಾಬಲ್ಲಿ ಬ್ಯಾಕ್ಟೀರಿಯಾ ಗುರುತಿಸೋಕೆ ಬಳಸೋ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಈ ಬ್ಯಾಕ್ಟೀರಿಯಾ ನೀಲಿ ಗುಂಡು ಗುಂಡಾಗಿ ಜೋಡಿ ಜೋಡಿಯಾಗಿ, ಚಿಕ್ಕ ಸರದ ಥರ ಕಾಣತ್ತೆ, ಬ್ಯಾಕ್ಟೀರಿಯಾ ಬೆಳೆಸೋಕೆ ಇಡೋ ರಕ್ತ ಬೆರೆಸಿದ ಅಗಾರ್ ಪ್ಲೇಟಲ್ಲಿ ಸುತ್ತ ಹಸಿರು ಛಾಯೆ ಬಿಟ್ಟು ಬೆಳೆಯತ್ತೆ. ಮೆನಿಂಜೈಟಿಸ್ ತರೋ ಇನ್ನೊಂದು ಬ್ಯಾಕ್ಟೀರಿಯಾ ನ್ಯುಮೋಕಾಕಸ್ಸೂ ಹೆಚ್ಚುಕಮ್ಮಿ ಹಾಗೇ ಕಾಣತ್ತೆ, ಬಾಯಲ್ಲಿ ಇರೋ ವಿರಿಡನ್ಸ್ ಗುಂಪಿನ ಸ್ಟ್ರೆಪ್ಟೋಕಾಕಸ್ಸೂ ಹಾಗೇ. ಕರುಳಲ್ಲಿರೋ ಎಂಟೆರೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಅಂತಾನೂ ತಪ್ಪು ಹೆಸ್ರು ಬರೋದುಂಟು. ವಿರಿಡನ್ಸ್ ಅಂತ ಬಂದ್ರೆ ಇನ್ನೊಂದು ಅಪಾಯ, ಬಾಟ್ಲಿಗೆ ಹೊರಗಿಂದ ಬಿದ್ದಿರೋ ಕಲಬೆರಕೆ ಅಂದ್ಕೊಂಡು ಬಿಟ್ಟುಬಿಡಬಹುದು. ಪ್ಲೇಟ್ ಮೇಲೆ ಆಪ್ಟೋಚಿನ್ ಅನ್ನೋ ರಾಸಾಯನಿಕದ ಪುಟ್ಟ ಬಿಲ್ಲೆ ಇಟ್ರೆ ನ್ಯುಮೋಕಾಕಸ್ ಸಾಯತ್ತೆ, ಸುಯಿಸ್ ಸಾಯಲ್ಲ, ಇದು ಕಮ್ಮಿ ಖರ್ಚಲ್ಲಿ ಆಗೋ ವ್ಯತ್ಯಾಸ. ಪಕ್ಕಾ ಆಗೋಕೆ ಪಿಸಿಆರ್ ಬೇಕು. ಈ ಬ್ಯಾಕ್ಟೀರಿಯಾದಲ್ಲೇ ಹಲವು ಉಪಬಗೆ (ಸೀರೋಟೈಪ್) ಇವೆ, ಮನುಷ್ಯರಲ್ಲಿ ಹೆಚ್ಚು ಕಾಣೋದು ಸೀರೋಟೈಪ್ 2, ಆಮೇಲೆ 14.

ಹಂದಿ ಸಂಪರ್ಕ ಇರೋ ರೋಗಿಯ ಬೆನ್ನಿನ ನೀರಲ್ಲಿ ವಿರಿಡನ್ಸ್ ಬೆಳೆದಿದೆ ಅಂತ ರಿಪೋರ್ಟ್ ಬಂದ್ರೆ "ಇದು ಸುಯಿಸ್ ಇರಬಹುದಾ, ಇನ್ನೊಮ್ಮೆ ನೋಡ್ತೀರಾ" ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಅದೃಷ್ಟಕ್ಕೆ ಹೆಸ್ರು ತಪ್ಪಾದ್ರೂ ಔಷಧಿ ಬಹುಪಾಲು ಒಂದೇ.

ಔಷಧಿ ಶುರು ಆದ್ಮೇಲೆ

ಸೆಫ್ಟ್ರಿಯಾಕ್ಸೋನ್ ಅಥ್ವಾ ಪೆನ್ಸಿಲಿನ್, ನರದ ಮೂಲಕ, ಸಾಮಾನ್ಯವಾಗಿ 14 ದಿನ. ಆರಾಮಾಯ್ತು ಅಂತ ಏಳನೇ ದಿನ ಮನೆಗೆ ಹೋಗ್ತೀನಿ ಅನ್ನೋರಿಗೆ ಒಂದು ಮಾತು, ಈ ಕಾಯಿಲೆ ಮರುಕಳಿಸಿರೋ ಉದಾಹರಣೆಗಳಿವೆ, ಅಂಥೋರಿಗೆ ನಾಲ್ಕರಿಂದ ಆರು ವಾರ ಔಷಧಿ ಕೊಡ್ಬೇಕಾಗಿ ಬಂದಿದೆ.

ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡನ್ನ ಆಂಟಿಬಯೋಟಿಕ್ಕಿನ ಮೊದಲ ಡೋಸಿಗೆ ಸ್ವಲ್ಪ ಮುಂಚೆ ಅಥ್ವಾ ಜೊತೇಲೇ ಶುರು ಮಾಡಿ ನಾಲ್ಕು ದಿನ ಕೊಡ್ತಾರೆ. ವಿಯೆಟ್ನಾಮಲ್ಲಿ ದೊಡ್ಡೋರ ಬ್ಯಾಕ್ಟೀರಿಯಾ ಮೆನಿಂಜೈಟಿಸ್ಸಿಗೆ ಮುಖ್ಯ ಕಾರಣಾನೇ ಈ ಬ್ಯಾಕ್ಟೀರಿಯಾ, ಅಲ್ಲಿನ ರೋಗಿಗಳಲ್ಲಿ ಡೆಕ್ಸಾಮೆಥಸೋನಿಂದ ತೀವ್ರ ಕಿವುಡು ಕಮ್ಮಿ ಆಗಿದ್ದು ಕಂಡಿದೆ. ಸ್ಟೀರಾಯ್ಡ್ ಅಂದ ಕೂಡ್ಲೇ ಬೇಡ ಅನ್ನೋ ಜನ ಇದಾರೆ, ಇಲ್ಲಿ ನಾಲ್ಕು ದಿನದ ಸ್ಟೀರಾಯ್ಡು ಕಿವಿ ಉಳಿಸೋಕೆ. ಕೊಡಬೇಕೋ ಬೇಡ್ವೋ ಅನ್ನೋದು ಡಾಕ್ಟ್ರ ತೀರ್ಮಾನ, ಮನೇಲಿ ತಾವೇ ತಗೊಳ್ಳೋ ಮಾತ್ರೆ ಖಂಡಿತಾ ಅಲ್ಲ.

ಆಸ್ಪತ್ರೆಗೆ ಸೇರಿದ್ಮೇಲೆ ಕಿವಿ ಮಂದ ಆದ್ರೆ "ಇಂಜೆಕ್ಷನ್ ಹಾಕಿ ಕಿವಿ ಹಾಳು ಮಾಡಿದ್ರು" ಅಂತ ಜಗಳ ಆಗೋದುಂಟು. ಕಿವಿ ಕೆಡಿಸೋ ಔಷಧಿಗಳು ಇವೆ, ಜೆಂಟಾಮೈಸಿನ್ ಥರದ್ದು, ಆದ್ರೆ ಸೆಫ್ಟ್ರಿಯಾಕ್ಸೋನ್ ಮತ್ತೆ ಪೆನ್ಸಿಲಿನ್ ಆ ಜಾತಿ ಅಲ್ಲ. ಕೆಡಿಸ್ತಿರೋದು ಕಾಯಿಲೆ.

"ಹಂದಿಯಿಂದ ಮೆದುಳಿಗೆ ಬರೋ ಕಾಯಿಲೆ ಅಂದ್ರೆ ಹುಳ ಅಲ್ವಾ?"

ಅದು ಬೇರೆ. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ ಮೆದುಳಲ್ಲಿ ಗೂಡು ಕಟ್ಟೋದು ತಿಂಗಳು ವರ್ಷಗಳ ವ್ಯವಹಾರ, ಜ್ವರ ಇಲ್ದೆ ಫಿಟ್ಸ್ ಬರೋದು ಅದ್ರ ಲಕ್ಷಣ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಹಂದಿಯಲ್ಲಿ ಬೆಳೆದ್ರೂ ಮನುಷ್ಯರಿಗೆ ಬರೋದು ಸೊಳ್ಳೆಯಿಂದ, ಹಂದಿ ಮುಟ್ಟಿದ್ರಿಂದ ಅಲ್ಲ. ನಿಪಾ 1998-99ರಲ್ಲಿ ಮಲೇಷ್ಯಾದಲ್ಲಿ ಹಂದಿಗಳಿಂದ ಜನಕ್ಕೆ ಹರಡಿತ್ತು, ಅದೂ ವೈರಸ್ಸೇ, ಆಂಟಿಬಯೋಟಿಕ್ ನಾಟಲ್ಲ. ಇವುಗಳ ಮಧ್ಯೆ ವ್ಯತ್ಯಾಸ ಕಂಡುಹಿಡಿಯೋ ಕೆಲ್ಸ ನಿಮ್ಮದಲ್ಲ, ಜ್ವರ ತಲೆನೋವು ಮಂಪರು ಇದ್ರೆ ಎಲ್ಲದಕ್ಕೂ ದಾರಿ ಆಸ್ಪತ್ರೇನೇ.

"ಮನೆಯವ್ರಿಗೆ, ಜೊತೆ ಕೆಲ್ಸದೋರಿಗೆ ಅಂಟತ್ತಾ?"

ಮನುಷ್ಯರಿಂದ ಮನುಷ್ಯರಿಗೆ ಇದು ಹರಡೋ ಥರದ್ದಲ್ಲ, ಸುಯಿಸ್ ಅಂತ ಪಕ್ಕಾ ಆದ್ಮೇಲೆ ಮನೆಯವ್ರೆಲ್ಲ ಮಾತ್ರೆ ನುಂಗ್ಬೇಕಾಗಿಲ್ಲ. ಆದ್ರೆ ಪಕ್ಕಾ ಆಗೋ ತನಕ ಆಸ್ಪತ್ರೆಯವ್ರು ಮಾಸ್ಕ್ ಹಾಕಿಸಿ ಬೇರೆ ಇಟ್ರೆ ಬೇಜಾರಾಗ್ಬೇಡಿ, ಮೆನಿಂಜೈಟಿಸ್ ತರೋ ಮೆನಿಂಗೋಕಾಕಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಆಗಿದ್ರೆ ಅದು ಅಂಟತ್ತೆ. ಅದೇ ಹಂದಿ ಕಡಿದೋರು, ಅದೇ ಮಾಂಸ ತಿಂದೋರು ಮಾತ್ರ ಎರಡು ವಾರ ಜ್ವರ ನೋಡ್ಕೋಬೇಕು.

ಕೊಟ್ಟಿಗೆ ಕಡೆ ಒಮ್ಮೆ ಕಣ್ಣಾಡಿಸಿ. ಹಾಲು ಬಿಡಿಸಿದ ಆಸುಪಾಸಿನ, ಐದರಿಂದ ಹತ್ತು ವಾರದ ಮರಿಗಳು ಪಕ್ಕಕ್ಕೆ ಬಿದ್ದು ಕಾಲಲ್ಲಿ ಗಾಳೀಲಿ ಈಜಾಡ್ತಿದ್ರೆ, ಕೀಲು ಊದಿ ಕುಂಟ್ತಿದ್ರೆ, ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿದ್ರೆ ಪಶುವೈದ್ಯರನ್ನ ಕರೀರಿ, ನೀವೇ ಕೊಯ್ದು ನೋಡೋದು ಬೇಡ, ಸತ್ತಿದ್ದನ್ನ ಮಾಂಸ ಮಾಡೋದಂತೂ ಬೇಡವೇ ಬೇಡ. ಮರಿಗಳೆಲ್ಲ ಚೆನ್ನಾಗಿವೆ ಅಂದ್ರೂ ರೋಗಿಗೆ ಹಂದಿಯಿಂದ ಬಂದಿಲ್ಲ ಅಂತಾಗಲ್ಲ, ಆರೋಗ್ಯವಾಗಿರೋ ಹಂದಿ ಗಂಟಲಲ್ಲೂ ಇದು ಇರತ್ತೆ. ಮನುಷ್ಯರಿಗೆ ಲಸಿಕೆ ಇಲ್ಲ. ಇರೋದು ಗ್ಲೌಸು, ಸೋಪು, ಗಾಯಕ್ಕೆ ನೀರು ಹೋಗದ ಪಟ್ಟಿ, ಮತ್ತೆ ಬೆಂಕಿ: ಮಾಂಸದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಥರ್ಮಾಮೀಟರ್ ಇಲ್ದಿದ್ರೆ ಒಳಗಿನ ರಸ ಕೆಂಪಿಲ್ಲದೆ ತಿಳಿಯಾಗೋ ತನಕ ಬೇಯಿಸಿ. ಹಸಿ ಮಾಂಸ ಕತ್ತರಿಸಿದ ಹಲಗೆ, ಚಾಕು ತೊಳೀದೆ ಬೇರೆ ಆಹಾರಕ್ಕೆ ಬಳಸ್ಬೇಡಿ.

ಡಿಸ್ಚಾರ್ಜ್ ಆದ್ಮೇಲೆ ಕಿವಿ ಇನ್ನೂ ಮಂದ

ನಿಧಾನಕ್ಕೆ ಸರಿ ಹೋಗತ್ತೆ ಅಂತ ತಿಂಗಳುಗಟ್ಟಲೆ ಕಾಯೋದು ಇಲ್ಲಿ ಸರಿಯಲ್ಲ. ಕೆಲವರಿಗೆ ಸ್ವಲ್ಪ ವಾಪಸ್ ಬರತ್ತೆ, ಬಹಳ ಜನಕ್ಕೆ ಬರಲ್ಲ, ಯಾರು ಯಾವ ಗುಂಪು ಅಂತ ಮೊದ್ಲೇ ಹೇಳೋಕಾಗಲ್ಲ. ಮೆನಿಂಜೈಟಿಸ್ ಆದ್ಮೇಲೆ ಕಾಕ್ಲಿಯಾ ಒಳಗೆ ಮೂಳೆ ಬೆಳೆದು ಆ ಟೊಳ್ಳು ಜಾಗನೇ ಮುಚ್ಚಿಕೊಳ್ಳಬಹುದು, ಅದು ವಾರಗಳಲ್ಲೇ ಶುರು ಆಗಬಹುದು. ಮುಚ್ಚಿದ್ಮೇಲೆ ಕಾಕ್ಲಿಯರ್ ಇಂಪ್ಲಾಂಟಿನ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸೋ, ಕೇಳಿಸೋಕೆ ಸಹಾಯ ಮಾಡೋ ಸಾಧನ) ತಂತಿ ಒಳಗೆ ಹೋಗೋದು ಕಷ್ಟ. ಅದಕ್ಕೆ ಮನೆಗೆ ಹೋಗೋಕೆ ಮುಂಚೆನೇ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳತ್ತೆ ಅಂತ ಅಳೆಯೋ ಟೆಸ್ಟ್) ಮಾಡಿಸಿ ರಿಪೋರ್ಟ್ ಕೈಗೆ ತಗೊಳ್ಳಿ, ತೀವ್ರ ಕಿವುಡು ಅಂತ ಬಂದ್ರೆ ಅದೇ ವಾರ ಇಂಪ್ಲಾಂಟ್ ಮಾಡೋ ಕಡೆಗೆ ಕಳಿಸಿ ಅಂತ ಕೇಳಿ, ಎಂಆರ್‌ಐ ಮಾಡಿ ಜಾಗ ಇನ್ನೂ ತೆರೆದಿದೆಯಾ ನೋಡ್ತಾರೆ. ಅಷ್ಟು ತೀವ್ರ ಇಲ್ಲ ಅಂದ್ರೆ ಹಿಯರಿಂಗ್ ಏಯ್ಡ್ ಸಾಕಾಗತ್ತೆ, ಕಿವಿ ಮತ್ತೆ ಚೆಕ್ ಮಾಡಿಸ್ತಾ ಇರಿ.

ಬ್ಯಾಲೆನ್ಸ್ ತೊಂದ್ರೆ ಹಗಲಲ್ಲಿ ಅಷ್ಟು ಗೊತ್ತಾಗಲ್ಲ, ಕಣ್ಣು ಸಹಾಯ ಮಾಡತ್ತೆ. ಕತ್ತಲೇಲಿ, ಒದ್ದೆ ನೆಲದ ಮೇಲೆ, ಏಣಿ ಹತ್ತಿದಾಗ ಗೊತ್ತಾಗತ್ತೆ. ಫಿಸಿಯೋಥೆರಪಿಯಲ್ಲಿ ಇದಕ್ಕೇ ಅಂತ ವ್ಯಾಯಾಮ ಇದೆ, ಮಾಡಿದ್ರೆ ಸುಧಾರಿಸತ್ತೆ, ಅಲ್ಲೀವರೆಗೂ ಏಣಿ, ಬೈಕು, ಚಾಕು ಕೆಲ್ಸ ಬೇಡ. ಮತ್ತೆ ಜ್ವರ ತಲೆನೋವು ಬಂದ್ರೆ ಹೊಸ ಜ್ವರ ಅಂತ ತಿಳ್ಕೊಳ್ದೆ ಅದೇ ಆಸ್ಪತ್ರೆಗೆ ಹಳೇ ಡಿಸ್ಚಾರ್ಜ್ ಪೇಪರ್ ಸಮೇತ ಹೋಗಿ. ಬೆನ್ನುಮೂಳೆ ನೋವು, ಕೀಲು ಊತ, ಕಣ್ಣು ಕೆಂಪಾಗಿ ಮಂಜಾಗೋದು ಕಂಡ್ರೂ ಅಷ್ಟೇ, ಈ ಬ್ಯಾಕ್ಟೀರಿಯಾ ಅಲ್ಲೆಲ್ಲ ಹೋಗಿ ಕೂತಿರೋ ಕೇಸುಗಳಿವೆ.